ಬಿಳಿಚಿದ ಹವಳ, ಹೆಣೆದ ಹವಳ

ಹವಳದ ದಿಬ್ಬಗಳ ಅಳಿವನ್ನು ಜನರ ಕಣ್ಣಿಗೆ ಬೀಳಿಸಲು ಹೊರಟ ಕಲೆಗೆ ಮೊದಲು ಅಡ್ಡ ಬರುವುದು ನೀರು. ಕಾಡಿಗೆ ಬೆಂಕಿ ಬಿದ್ದರೆ ಹೊಗೆ ಹತ್ತೂರಿಗೆ ಕಾಣುತ್ತದೆ. ಕೆರೆ ಬತ್ತಿದರೆ ದನ ಮೇಯಿಸುವ ಹುಡುಗನಿಗೂ ಗೊತ್ತಾಗುತ್ತದೆ. ಕಡಲಡಿಯ ದಿಬ್ಬ ಸತ್ತಾಗ ಮಾತ್ರ ಮೇಲಿನ ನೀಲಿಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಅಲೆ ಬಂದು ಹೋಗುತ್ತಿರುತ್ತದೆ, ದೋಣಿಗಳು ಅದರ ಮೇಲೆಯೇ ಸಾಗುತ್ತಿರುತ್ತವೆ. ಜಗತ್ತಿನ ಬಹುಪಾಲು ಜನ ಜೀವಂತ ಹವಳವನ್ನು ಒಮ್ಮೆಯೂ ಕಾಣದೆ ಬದುಕು ಮುಗಿಸುತ್ತಾರೆ. ಕಂಡೇ ಇರದ ಒಂದು ವಸ್ತು ಕಾಣೆಯಾಗುತ್ತಿದೆ ಎಂದು ಅವರಿಗೆ ಹೇಳಬೇಕಾಗಿದೆ.

ಎರಡನೆಯ ತೊಡಕು ಬಣ್ಣದ್ದು. ಕನ್ನಡಿಗರಿಗೆ ಹವಳವೆಂದರೆ ಕೆಂಪು: ತಾಳಿಯ ಸರದಲ್ಲಿ ಕರಿಮಣಿಯ ನಡುವೆ ಕೂತ ಹವಳ, ಕುಜನನ್ನು ಸಮಾಧಾನಪಡಿಸಲು ಜೋಯಿಸರು ಬೆರಳಿಗೆ ಹಾಕಿಸುವ ಹವಳ. ಈ ಕೆಂಪು ಹವಳ ಬಂದದ್ದು ಮೆಡಿಟರೇನಿಯನ್ ಸಮುದ್ರದಿಂದ. ಎರಡು ಸಾವಿರ ವರ್ಷಗಳ ಹಿಂದೆಯೇ ಅದು ಭಾರತದ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿಯುತ್ತಿತ್ತು. ರೋಮನ್ನರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತದವರಿಗೆ ಹವಳ ಅಷ್ಟೇ ಪ್ರಿಯ ಎಂದು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಈ ವ್ಯಾಪಾರದ ದೆಸೆಯಿಂದ ಹವಳವು ತಾನು ಹುಟ್ಟುವ ಕಡೆಯಲ್ಲೇ ಅಪರೂಪವಾಯಿತು ಎಂದೂ ಸೇರಿಸಿದ್ದಾನೆ. ಹವಳದ ಅಳಿವಿನ ಬಗ್ಗೆ ಬರೆದಿಟ್ಟ ಬಹು ಹಳೆಯ ದೂರುಗಳಲ್ಲಿ ಇದೊಂದು, ಮತ್ತು ಅದರ ಒಂದು ತುದಿ ಇಲ್ಲಿನ ಒಡವೆ ಪೆಟ್ಟಿಗೆಯಲ್ಲಿದೆ.

ಆದರೆ ಆ ಕೆಂಪು ಹವಳ ದಿಬ್ಬ ಕಟ್ಟುವ ಜಾತಿಯದಲ್ಲ. ದಿಬ್ಬ ಕಟ್ಟುವ ಹವಳಗಳು ಬೆಚ್ಚಗಿನ, ತಿಳಿಯಾದ, ಬಿಸಿಲು ಬೀಳುವ ನೀರಿನವು. ಅವುಗಳ ಬಣ್ಣ ಹೆಚ್ಚಾಗಿ ಕಂದು, ಹಸಿರು, ಜೇನುಬಣ್ಣ, ಅಲ್ಲೊಂದು ಇಲ್ಲೊಂದು ನೇರಳೆ. ಮನೆಗಳ ಶೋಕೇಸಿನಲ್ಲಿ ಶಂಖದ ಪಕ್ಕ ಕೂತಿರುವ ಬಿಳಿ ಕೊಂಬೆ ಆ ಪ್ರಾಣಿಯ ಸುಣ್ಣದ ಗೂಡು ಅಷ್ಟೆ. ಹೀಗೆ ಜನರಿಗೆ ಪರಿಚಯವಿರುವ ಹವಳಗಳೆರಡೂ, ಕೆಂಪಿನದೂ ಬಿಳಿಯದೂ, ಸತ್ತವೇ. ಸತ್ತದ್ದನ್ನೇ ಚೆಂದ ಎಂದು ಒಪ್ಪಿಕೊಂಡ ಕಣ್ಣಿಗೆ ಬಿಳಿಯಾದ ದಿಬ್ಬದ ಚಿತ್ರವನ್ನು ತೋರಿಸಿದರೆ ಅದು ದುರಂತವಾಗಿ ಕಾಣಬೇಕಾದ ಅಗತ್ಯವೇನೂ ಇಲ್ಲ. ಹಾಲು ಚೆಲ್ಲಿದಂತಹ ಆ ಬಿಳುಪಿಗೆ ಒಂದು ಬೆಡಗಿದೆ.

ಬಿಳುಪಿನ ಕಾರಣ ಹೀಗೆ. ಹವಳದ ಪಾಲಿಪ್ ಎಂಬುದು ಕೆಲವೇ ಮಿಲಿಮೀಟರ್ ಅಗಲದ, ಬಾಯಿಯ ಸುತ್ತ ಎಳೆಗಳಿರುವ ಮೆತ್ತನೆಯ ಪ್ರಾಣಿ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ಬಾಡಿಗೆಗಿರುತ್ತವೆ. ಪಾಚಿ ಬಿಸಿಲಿನಿಂದ ತಯಾರಿಸಿದ ಸಕ್ಕರೆಯೇ ಪಾಲಿಪಿನ ಊಟದ ಬಹುಪಾಲು. ಹವಳದ ಬಣ್ಣದಲ್ಲೂ ಪಾಚಿಯ ಪಾಲು ದೊಡ್ಡದು. ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ನೀರು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಈ ಸಂಸಾರ ಕೆಡುತ್ತದೆ: ಪಾಲಿಪ್ ಪಾಚಿಯನ್ನು ಹೊರದೂಡುತ್ತದೆ, ಅದರ ಮೈ ಗಾಜಿನಂತಾಗುತ್ತದೆ, ಅಡಿಯ ಬಿಳಿ ಸುಣ್ಣ ಕಾಣತೊಡಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಅಗಸರ ಕಸುಬಿನ ಮಾತು, ಬ್ಲೀಚಿಂಗ್. ಬಟ್ಟೆಯ ಬಣ್ಣ ತೆಗೆದಂತೆ, ಅಲ್ಲಿಗೆ ಮುಗಿಯಿತು. ಕನ್ನಡದ ‘ಬಿಳಿಚಿಕೊಳ್ಳುವುದು’ ಇಲ್ಲಿ ಹೆಚ್ಚು ನಿಖರವಾದ ಮಾತು. ಜ್ವರ ಬಂದವರ, ಹೆದರಿದವರ ಮುಖ ಬಿಳಿಚಿಕೊಳ್ಳುತ್ತದೆ, ಅವರಿನ್ನೂ ಸತ್ತಿರುವುದಿಲ್ಲ. ಬಿಳಿಚಿದ ಹವಳವೂ ಸತ್ತಿರುವುದಿಲ್ಲ. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ, ತಣಿಯದಿದ್ದರೆ ಪ್ರಾಣಿ ಹಸಿವಿನಿಂದ ಸಾಯುತ್ತದೆ, ಬಿಳಿ ಗೂಡಿನ ಮೇಲೆ ಕೊಳಕು ಹಸಿರಿನ ಪಾಚಿ ಹಬ್ಬುತ್ತದೆ. ನಿಜವಾದ ಸಾವಿನ ಬಣ್ಣ ಈ ಕೊಳಕು ಹಸಿರು. ಅದನ್ನು ಚಿತ್ರಿಸಲು ಮುಂದೆ ಬಂದ ಕಲಾವಿದರು ವಿರಳ.

ಜಗತ್ತಿನಾದ್ಯಂತ ಹವಳಗಳು ಒಟ್ಟೊಟ್ಟಿಗೆ ಬಿಳಿಚಿಕೊಂಡ ಘಟನೆಗಳು 1998, 2010 ಮತ್ತು 2014–17ರಲ್ಲಿ ನಡೆದವು. ನಾಲ್ಕನೆಯದು ಶುರುವಾಗಿದೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಮಂಗಳೂರಿನಿಂದ ಸರಕು ಹೋಗುವ ಲಕ್ಷದ್ವೀಪದ ದಿಬ್ಬಗಳು ಈ ನಾಲ್ಕು ಪೆಟ್ಟನ್ನೂ ತಿಂದಿವೆ. ಸಮುದ್ರತಳದ ಶೇ. 1ಕ್ಕಿಂತಲೂ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳು ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮನೆ. ಭೂಮಿಯ ಉಷ್ಣತೆ 1.5 ಡಿಗ್ರಿ ಏರಿದರೆ ಅವುಗಳಲ್ಲಿ ಶೇ. 70ರಿಂದ 90ರಷ್ಟು ನಶಿಸುತ್ತವೆ, 2 ಡಿಗ್ರಿ ಏರಿದರೆ ಉಳಿಯುವುದು ಶೇ. 1ಕ್ಕೂ ಕಡಿಮೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2018ರ ವರದಿ. ಇವು ಪದೇ ಪದೇ ಅಚ್ಚಾದ ಅಂಕಿಗಳು. ಅಂಕಿ ಮುಟ್ಟದ ಕಡೆಗೆ ಕೈ ಚಾಚುವುದೇ ಕಲೆಯಿಂದ ಜನ ನಿರೀಕ್ಷಿಸುವ ಕೆಲಸ.

ಅಳಿವಿನ ಕಲೆಗೂ ಮೊದಲು ಬೆರಗಿನ ಕಲೆಯಿತ್ತು. ಆಸ್ಟ್ರಿಯಾದ ಓಯ್ಗೆನ್ ಫಾನ್ ರಾನ್ಸೊನೆ 1860ರ ದಶಕದಲ್ಲಿ ಸಿಂಹಳದ ಕಡಲಿನಲ್ಲಿ ಮುಳುಗುಗಂಟೆಯೊಳಗೆ ಕೂತು, ನೀರಿನಡಿಯಲ್ಲೇ ಹವಳಗಳನ್ನು ನೋಡಿ ಬಿಡಿಸಿದ. ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ಮುದುಡಿ ಕೂತು, ಮೇಲಿನಿಂದ ಕೊಳವೆಯಲ್ಲಿ ಬರುವ ಗಾಳಿಯನ್ನು ನಂಬಿ ಪೆನ್ಸಿಲ್ ಹಿಡಿದವನ ಧೈರ್ಯವನ್ನು ಮೆಚ್ಚಬೇಕು. ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಕೆಂಪು ಸಮುದ್ರಕ್ಕೆ ಹೋಗಿಬಂದು 1876ರಲ್ಲಿ ಅರೇಬಿಯಾದ ಹವಳಗಳ ಪುಸ್ತಕ ತಂದ. 1904ರ ಹೊತ್ತಿಗೆ ಪೂರ್ತಿಯಾದ ಅವನ ನೂರು ಚಿತ್ರಫಲಕಗಳ ಸಂಪುಟ ಕಡಲಿನ ಜೀವಿಗಳಿಗೆ ಅರಮನೆಯ ಕೆತ್ತನೆಯ ಶಿಸ್ತು ಕೊಟ್ಟಿತು. ಇವರಿಬ್ಬರಿಗೂ ದಿಬ್ಬ ಮುಗಿಯದ ಸಂಪತ್ತು.

ಇದೇ ಕಾಲಕ್ಕೆ ಡ್ರೆಸ್ಡೆನ್ನಿನಲ್ಲಿ ಲಿಯೋಪೋಲ್ಡ್ ಬ್ಲಾಷ್ಕಾ ಮತ್ತು ಅವನ ಮಗ ರುಡಾಲ್ಫ್ ಗಾಜು ಕಾಯಿಸಿ ಕಡಲ ಹೂಗಳು, ಲೋಳೆಮೀನುಗಳು, ಹವಳಗಳ ಸಾವಿರಾರು ಮಾದರಿಗಳನ್ನು ಮಾಡುತ್ತಿದ್ದರು. ಮೆತ್ತನೆಯ ಈ ಪ್ರಾಣಿಗಳನ್ನು ಮದ್ಯಸಾರದ ಜಾಡಿಯಲ್ಲಿ ಇಟ್ಟರೆ ಬಣ್ಣವೂ ಹೋಗುತ್ತಿತ್ತು, ಆಕಾರವೂ ಕುಸಿಯುತ್ತಿತ್ತು. ಪಾಠ ಹೇಳಲು ಗಾಜೇ ಗತಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 1885ರಲ್ಲಿ ಐನೂರಕ್ಕೂ ಹೆಚ್ಚು ಮಾದರಿಗಳನ್ನು ಕೊಂಡಿತು. ನೂರು ವರ್ಷಗಳ ನಂತರ ಅವು ಬೇರೆಯದೇ ಸಾಕ್ಷ್ಯವಾದವು. ಅಲ್ಲಿನ ಕಡಲ ಜೀವವಿಜ್ಞಾನಿ ಡ್ರೂ ಹಾರ್ವೆಲ್, ಗಾಜಿನಲ್ಲಿ ಇರುವ ಜೀವಿಗಳು ಈಗ ಸಮುದ್ರದಲ್ಲಿ ಎಲ್ಲೆಲ್ಲಿ ಉಳಿದಿವೆ ಎಂದು ಹುಡುಕಿಕೊಂಡು ಹೋಗಿ, ಆ ಹುಡುಕಾಟವನ್ನು 2016ರಲ್ಲಿ ಪುಸ್ತಕವಾಗಿಸಿದರು. ಮಾಡಿದವರಿಗೆ ಅಂದಾಜೂ ಇರದ ಉಪಯೋಗ ಇದು.

ಕಾರ್ನೆಲ್‌ನಲ್ಲಿಯೇ ಇನ್ನೊಂದು ಎಳೆ ಶುರುವಾಗುತ್ತದೆ, ಅದು ಗಣಿತದ್ದು. ಒಂದು ಗೆರೆ, ಅದರ ಹೊರಗೊಂದು ಬಿಂದು. ಆ ಬಿಂದುವಿನ ಮೂಲಕ ಮೊದಲನೆಯದಕ್ಕೆ ತಾಗದ ಗೆರೆ ಒಂದೇ ಒಂದು ಎಳೆಯಬಹುದು ಎಂಬುದು ಶಾಲೆಯಲ್ಲಿ ಕಲಿಸುವ ಯೂಕ್ಲಿಡನ ಜ್ಯಾಮಿತಿ. ಹಂಗರಿಯ ಬೋಯಾಯ್ ಮತ್ತು ರಷ್ಯಾದ ಲೊಬಚೆವ್‌ಸ್ಕಿ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಅಂಥ ಗೆರೆಗಳು ಲೆಕ್ಕವಿಲ್ಲದಷ್ಟು ಇರುವ ಇನ್ನೊಂದು ಜ್ಯಾಮಿತಿಯೂ ಸಾಧ್ಯ ಎಂದು ಬೇರೆ ಬೇರೆಯಾಗಿ ತೋರಿಸಿದರು. ಹೈಪರ್ಬೋಲಿಕ್ ಎಂದು ಹೆಸರಾದ ಆ ಜ್ಯಾಮಿತಿಯ ಮೈಯನ್ನು ಕೈಯಲ್ಲಿ ಹಿಡಿದು ತೋರಿಸುವುದು ಕಷ್ಟವಾಗಿತ್ತು. ಕಾಗದದ ಪಟ್ಟಿಗಳನ್ನು ಅಂಟಿಸಿ ಮಾಡಿದ ಮಾದರಿ ಎರಡು ಸಲ ಮುಟ್ಟಿದರೆ ಹರಿಯುತ್ತಿತ್ತು. ಕಾರ್ನೆಲ್‌ನಲ್ಲಿದ್ದ ಲಾಟ್ವಿಯಾದ ಗಣಿತಜ್ಞೆ ಡೈನಾ ತೈಮಿನ್ಯ 1997ರಲ್ಲಿ ಇದಕ್ಕೆ ದಾರ ಕೈಗೆತ್ತಿಕೊಂಡರು. ಮೊದಲು ಸ್ವೆಟರ್ ಹಾಕುವ ಎರಡು ಕಡ್ಡಿಗಳಲ್ಲಿ ಪ್ರಯತ್ನಿಸಿದರು. ಸ್ವೆಟರಿನ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೇ ಇರಬೇಕು. ಕುಣಿಕೆಗಳು ಹೆಚ್ಚುತ್ತ ಹೋದಂತೆ ಕಡ್ಡಿ ತುಂಬಿ ಜಾರತೊಡಗಿತು. ಕ್ರೋಶಾದಲ್ಲಿ ಆ ಪೇಚಿಲ್ಲ. ಕೊಕ್ಕೆಯ ಮೇಲೆ ಇರುವುದು ಆಗ ಹೆಣೆಯುತ್ತಿರುವ ಒಂದು ಕುಣಿಕೆ, ಉಳಿದದ್ದೆಲ್ಲ ಬಟ್ಟೆಯಲ್ಲಿ ಸೇರಿಹೋಗಿರುತ್ತದೆ.

ವಿಧಾನ ಒಂದು ಸಾಲಿನಲ್ಲಿ ಹೇಳುವಷ್ಟು ಸುಲಭ. ಇಪ್ಪತ್ತು ಕುಣಿಕೆಗಳ ಸರಪಳಿ ಹಾಕಿ, ಮುಂದಿನ ಪ್ರತಿ ಸಾಲಿನಲ್ಲೂ ಎರಡಕ್ಕೊಂದರಂತೆ ಹೊಸ ಕುಣಿಕೆ ಸೇರಿಸುತ್ತ ಹೋಗಬೇಕು. ಇಪ್ಪತ್ತು ಮೂವತ್ತಾಗುತ್ತದೆ, ಮೂವತ್ತು ನಲವತ್ತೈದಾಗುತ್ತದೆ. ಮೂರು ಸಾಲಿನವರೆಗೆ ವಿಶೇಷವೇನೂ ಕಾಣದು. ಆಮೇಲೆ ಅಂಚಿಗೆ ಜಾಗ ಸಾಲದೆ ಅದು ಅಲೆಯಾಗಿ ಏಳುತ್ತದೆ, ಇನ್ನೆರಡು ಸಾಲಿಗೆ ನೆರಿಗೆಯ ಮೇಲೆ ನೆರಿಗೆ ಬೀಳುತ್ತದೆ. ಹತ್ತನೆಯ ಸಾಲು ಮುಗಿಯುವಾಗ ಕುಣಿಕೆಗಳ ಸಂಖ್ಯೆ 1,150 ದಾಟಿರುತ್ತದೆ, ದಾರದ ಉಂಡೆ ಖಾಲಿಯಾಗಿರುತ್ತದೆ. ಕೈಯಲ್ಲಿ ಉಳಿದದ್ದು ಹಿತ್ತಲಿನ ಕೋಳಿಜುಟ್ಟಿನ ಹೂವಿನ ಹಾಗಿರುತ್ತದೆ. ಹಾಗಿರುವುದು ಆಕಸ್ಮಿಕವೇನಲ್ಲ: ಕೋಳಿಜುಟ್ಟು, ಎಲೆಕೋಸಿನ ಅಂಚು, ಕಡಲ ಗೊಂಡೆಹುಳು, ಹಲವು ಬಗೆಯ ಹವಳ, ಇವೆಲ್ಲ ಅಂಚಿನ ಕಡೆ ಹೆಚ್ಚು ಬೆಳೆದೇ ಈ ಆಕಾರ ಪಡೆಯುತ್ತವೆ. ಹವಳಕ್ಕೆ ಅದರಿಂದ ಲಾಭವಿದೆ. ಚಿಕ್ಕ ಜಾಗದಲ್ಲಿ ದೊಡ್ಡ ಮೈ ಸಿಗುತ್ತದೆ, ಬಿಸಿಲಿಗೂ ತೇಲಿಬರುವ ಆಹಾರಕ್ಕೂ ಒಡ್ಡಿಕೊಳ್ಳಲು ಅನುಕೂಲ. ತೈಮಿನ್ಯ ತಮ್ಮ ಹೆಣಿಗೆಯನ್ನು ಮಡಚಿ, ಮಡಿಕೆಯ ಗೆರೆಯನ್ನು ಬೇರೆ ಬಣ್ಣದ ದಾರದಿಂದ ಹೊಲಿದು, ಒಂದೇ ಬಿಂದುವಿನಿಂದ ಹೊರಟ ಹಲವು ‘ನೇರ’ ಗೆರೆಗಳು ಇನ್ನೊಂದಕ್ಕೆ ತಾಗದೆ ದೂರ ಸರಿಯುವುದನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟರು. ಈ ವಿಷಯದ ಅವರ ಪುಸ್ತಕಕ್ಕೆ ವರ್ಷದ ಅತಿ ವಿಚಿತ್ರ ಶೀರ್ಷಿಕೆಗೆಂದು ಕೊಡುವ ಬಹುಮಾನವೂ ಬಂತು, ಗಣಿತದ ಆಯ್ಲರ್ ಪುಸ್ತಕ ಬಹುಮಾನವೂ ಬಂತು.

ಈ ಹೆಣಿಗೆಯನ್ನು ದಿಬ್ಬವನ್ನಾಗಿ ಮಾಡಿದವರು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತ್‌ಹೈಮ್ ಎಂಬ ಅವಳಿ ಸಹೋದರಿಯರು. ಒಬ್ಬರು ವಿಜ್ಞಾನ ಲೇಖಕಿ, ಇನ್ನೊಬ್ಬರು ಕಲೆ ಮತ್ತು ಕಾವ್ಯದ ಅಧ್ಯಾಪಕಿ. ಇಬ್ಬರೂ ಹುಟ್ಟಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ. 2,300 ಕಿಲೋಮೀಟರ್ ಉದ್ದದ ಗ್ರೇಟ್ ಬ್ಯಾರಿಯರ್ ರೀಫ್ ಇರುವುದು ಅದೇ ರಾಜ್ಯದ ಕಡಲಿನಲ್ಲಿ. ಲಾಸ್ ಏಂಜಲೀಸಿನ ತಮ್ಮ ಮನೆಯ ಹಜಾರದಲ್ಲಿ 2005ರಲ್ಲಿ ಅವರು ಕೆಲಸ ಆರಂಭಿಸಿದರು. ಮೊದಲು ತೈಮಿನ್ಯರ ಸೂತ್ರವನ್ನು ಚಾಚೂತಪ್ಪದೆ ಅನುಸರಿಸಿದರು. ಬಂದದ್ದು ಅಚ್ಚುಕಟ್ಟಾದ ಗಣಿತದ ಮಾದರಿ, ಜೀವ ಇರಲಿಲ್ಲ. ಕ್ರಿಸ್ಟೀನ್ ಸೂತ್ರ ತಪ್ಪಿಸತೊಡಗಿದರು: ಎರಡಕ್ಕೊಂದು ಹೆಚ್ಚಿಸುವ ಕಡೆ ಒಮ್ಮೆ ಮೂರಕ್ಕೊಂದು, ಒಮ್ಮೆ ಹೆಚ್ಚಿಸದೆಯೇ ಒಂದು ಸಾಲು, ನಡುವೆ ದಾರವನ್ನೇ ಬದಲಿಸುವುದು. ಹವಳ ಬಂತು. ಒಂದು ಸರಳ ನಿಯಮ, ಅದರ ಮೇಲೆ ಸಣ್ಣ ಸಣ್ಣ ತಪ್ಪುಗಳು, ಜೀವವಿಕಾಸದ ಹಾದಿಯೂ ಹೆಚ್ಚುಕಡಿಮೆ ಇದೇ ಎಂಬುದನ್ನು ಈ ಸಹೋದರಿಯರು ಹೋದಲ್ಲೆಲ್ಲ ಹೇಳಿದ್ದಾರೆ. ಇಲ್ಲಿ ಹೋಲಿಕೆ ಬಾಯಿಮಾತಿನದಲ್ಲ, ಹೆಣೆದ ಪ್ರತಿಯೊಬ್ಬರ ಬೆರಳಿಗೂ ಗೊತ್ತಾಗುವಂಥದು.

‘ಕ್ರೋಶೆ ಕೋರಲ್ ರೀಫ್’ ಎಂದು ಹೆಸರಾದ ಈ ಕೃತಿ 2007ರಲ್ಲಿ ಪಿಟ್ಸ್‌ಬರ್ಗಿನ ಆಂಡಿ ವಾರ್ಹೋಲ್ ವಸ್ತುಸಂಗ್ರಹಾಲಯದಲ್ಲಿ, 2008ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ, 2010ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ನಿಸರ್ಗಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ, 2019ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಜನರೆದುರು ಬಂತು. ದೂರದಿಂದ ನೋಡಿದರೆ ಉಣ್ಣೆ, ಹತ್ತಿ, ಮಣಿಗಳ ದೊಡ್ಡ ತೋಟ. ಹತ್ತಿರ ಹೋದರೆ ಒಂದೊಂದು ಭಾಗಕ್ಕೂ ಒಂದೊಂದು ಸ್ಥಿತಿ. ‘ಬಿಳಿಚಿದ ದಿಬ್ಬ’ದಲ್ಲಿ ಬಿಳಿ, ಕೆನೆಬಣ್ಣಗಳು ಬಿಟ್ಟರೆ ಬೇರೆ ದಾರವಿಲ್ಲ. ‘ವಿಷದ ದಿಬ್ಬ’ ಪ್ಲಾಸ್ಟಿಕ್ ಚೀಲಗಳನ್ನು ರಿಬ್ಬನ್ನಿನಂತೆ ಕತ್ತರಿಸಿ, ಹಳೆಯ ವಿಡಿಯೊ ಟೇಪುಗಳನ್ನು ಬಿಚ್ಚಿ ಹೆಣೆದದ್ದು. ಇದಕ್ಕೆ ಜೊತೆಯಾಗಿ ಸಹೋದರಿಯರು 2007ರಿಂದ ನಾಲ್ಕು ವರ್ಷ ತಮ್ಮ ಮನೆಯ ಪ್ಲಾಸ್ಟಿಕ್ ಕಸವನ್ನು ಹೊರಗೆ ಹಾಕದೆ ಕೂಡಿಟ್ಟು, ಆ ರಾಶಿಯನ್ನೂ ಪ್ರದರ್ಶನಕ್ಕಿಟ್ಟರು. ಪರೋಪದೇಶಕ್ಕೆ ಮೊದಲು ಸ್ವಂತ ಮನೆಯ ಕಸದಬುಟ್ಟಿ ಮಗುಚಿದ ಉದಾಹರಣೆ ಪರಿಸರದ ಕಲೆಯಲ್ಲಿ ಹೆಚ್ಚು ಸಿಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ದಿಬ್ಬ ಮರಿ ಹಾಕಿದ ಬಗೆ. ಶಿಕಾಗೊದಲ್ಲಿ 2007ರಲ್ಲಿ ಪ್ರದರ್ಶನ ನಡೆದಾಗ ಅಲ್ಲಿನ ಹೆಂಗಸರು ತಮ್ಮದೇ ದಿಬ್ಬ ಹೆಣೆದರು. ಬಳಿಕ ಊರೂರಿಗೆ ಅದು ಹಬ್ಬಿ, ಐವತ್ತಕ್ಕೂ ಹೆಚ್ಚು ಕಡೆ ‘ಉಪಗ್ರಹ ದಿಬ್ಬ’ಗಳಾದವು. ಜರ್ಮನಿಯ ಬಾಡೆನ್ ಬಾಡೆನ್‌ನಲ್ಲಿ 2022ರಲ್ಲಿ ನಡೆದ ಪ್ರದರ್ಶನಕ್ಕೆ ಸುಮಾರು ನಾಲ್ಕು ಸಾವಿರ ಜನ ನಲವತ್ತು ಸಾವಿರದಷ್ಟು ಹವಳಗಳನ್ನು ಹೆಣೆದು ಕಳಿಸಿದರು. ಅಜ್ಜಿಯರು, ನಿವೃತ್ತ ಶಿಕ್ಷಕಿಯರು, ಶಾಲೆಯ ಮಕ್ಕಳು, ಅಲ್ಲೊಬ್ಬ ಇಲ್ಲೊಬ್ಬ ಗಂಡಸು. ಹೆಣೆದವರ ಹೆಸರುಗಳ ಪಟ್ಟಿಯನ್ನು ಗೋಡೆಯ ಮೇಲೆ ಹಾಕುವುದು ಈ ಯೋಜನೆಯ ಪದ್ಧತಿ. ಲೋಟದಷ್ಟು ದೊಡ್ಡ ಒಂದು ಹವಳಕ್ಕೆ ಕೆಲವು ಸಂಜೆಗಳು ಬೇಕು, ದೊಡ್ಡದಕ್ಕೆ ವಾರಗಳು ಬೇಕು. ಒಬ್ಬರ ಕೈಯಲ್ಲಿ ಎಂದಿಗೂ ಆಗದ, ಪಾಲಿಪ್‌ಗಳಂತೆ ಸಾವಿರಾರು ಚಿಕ್ಕ ಕೆಲಸಗಾರರು ಕೂಡಿಯೇ ಕಟ್ಟಬೇಕಾದ ರಚನೆ ಇದು. ಅಕ್ವೇರಿಯಂಗಳಲ್ಲಿ ಕಾಣಸಿಗುವ ಗುಂಡುಬಂಡೆಯಂಥ ಪೊರೈಟಿಸ್ ಜಾತಿಯ ಹವಳ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಎಂಬ ಮಾಹಿತಿಯನ್ನು ಫಲಕದಲ್ಲಿ ಓದಿದವರು ಮರೆಯಬಹುದು. ಆರು ಸಂಜೆ ಕೂತು ಅಂಗೈಯಗಲ ಹೆಣೆದವರು ಮರೆಯುವುದು ಕಷ್ಟ. ವಿಜ್ಞಾನದ ಚಿಂತಕಿ ಡೋನಾ ಹರಾವೆ ಈ ಯೋಜನೆಯನ್ನು 2016ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಚರ್ಚಿಸಿರುವುದಕ್ಕೂ ಇದೇ ಕಾರಣ.

ಆಕ್ಷೇಪಗಳಿಲ್ಲದೆ ಇಲ್ಲ. ಅಗ್ಗದ ಅಂಗಡಿಯ ಬಣ್ಣಬಣ್ಣದ ‘ಉಲ್ಲನ್’ ದಾರ ಬಹಳ ಸಲ ಅಕ್ರಿಲಿಕ್, ಅಂದರೆ ಪೆಟ್ರೋಲಿಯಂ ಸಂತಾನ. ಹವಳ ಸಾಯಲು ಕಾರಣವಾದ ಎಣ್ಣೆಯಲ್ಲೇ ಹವಳದ ಸ್ಮಾರಕ ಹೆಣೆದಂತಾಗುತ್ತದೆ. ಪ್ಲಾಸ್ಟಿಕ್ಕನ್ನು ಮುಚ್ಚಿಡದೆ ಕೃತಿಯ ನಡುವೆಯೇ ತಂದಿರಿಸಿದ್ದು ಈ ಆಕ್ಷೇಪಕ್ಕೆ ಅರ್ಧ ಉತ್ತರ ಮಾತ್ರ. ಇದು ಕಲೆಯೋ ಹೆಂಗಸರ ಕೈಗೆಲಸವೋ ಎಂಬ ಇನ್ನೊಂದು ಪ್ರಶ್ನೆ ವೆನಿಸ್ ತಲುಪಿದ ಮೇಲೆ ತಾನಾಗಿ ಸುಮ್ಮನಾಯಿತು.

ಹೆಣಿಗೆಯ ದಿಬ್ಬ ಇರುವುದು ಒಣ ನೆಲದ ಮೇಲೆ. ಬ್ರಿಟಿಷ್ ಶಿಲ್ಪಿ ಜೇಸನ್ ಡಿಕೇರ್ಸ್ ಟೇಲರ್ ಹಿಡಿದದ್ದು ಇದರ ವಿರುದ್ಧ ದಾರಿ: ಕಲೆಯನ್ನು ನೀರಿಗೇ ಇಳಿಸುವುದು. ಕೆರಿಬಿಯನ್ನಿನ ಗ್ರೆನಡಾ ದ್ವೀಪದಲ್ಲಿ 2004ರ ಐವನ್ ಚಂಡಮಾರುತ ದಿಬ್ಬಗಳನ್ನು ಹಾಳುಮಾಡಿದ ಮೇಲೆ, 2006ರಲ್ಲಿ ಅಲ್ಲಿನ ಮೊಲಿನೇರ್ ಕೊಲ್ಲಿಯಲ್ಲಿ ಅವರು ಸಿಮೆಂಟಿನ ಮನುಷ್ಯಾಕೃತಿಗಳನ್ನು ಮುಳುಗಿಸಿದರು. ಕೈಕೈ ಹಿಡಿದು ವೃತ್ತವಾಗಿ ನಿಂತ ಮಕ್ಕಳ ಗುಂಪು ಅದರಲ್ಲಿ ಹೆಚ್ಚು ಹೆಸರಾಯಿತು. ಮುಂದೆ ಮೆಕ್ಸಿಕೋದ ಕಾನ್ಕೂನ್ ಬಳಿ ಐನೂರರಷ್ಟು ಶಿಲ್ಪಗಳ ನೀರಡಿಯ ವಸ್ತುಸಂಗ್ರಹಾಲಯವೇ ಎದ್ದಿತು. ಅಲ್ಲಿನ ಕಡಲ ಉದ್ಯಾನಕ್ಕೆ ವರ್ಷಕ್ಕೆ ಏಳು ಲಕ್ಷಕ್ಕೂ ಹೆಚ್ಚು ಜನ ಬರುತ್ತಿದ್ದರು. ಅವರ ರೆಕ್ಕೆಗಾಲುಗಳ ಒದೆತದಿಂದ ನಿಜವಾದ ದಿಬ್ಬವನ್ನು ಉಳಿಸಲು, ಅವರನ್ನು ಬೇರೆ ಕಡೆಗೆ ಸೆಳೆಯುವ ಆಮಿಷವೊಂದು ಬೇಕಿತ್ತು. ಕಲೆಯನ್ನು ಇಷ್ಟು ವ್ಯಾವಹಾರಿಕ ಕೆಲಸಕ್ಕೆ ನೇಮಿಸಿದ್ದು ಅಪರೂಪ.

ಟೇಲರ್ ಬಳಸುವುದು ಕ್ಷಾರ ತಗ್ಗಿಸಿದ, ಜೀವಿಗಳಿಗೆ ಒಗ್ಗುವ ಸಿಮೆಂಟ್. ಅಲ್ಲಿನ ಜನರ ಮೈಗೇ ಅಚ್ಚು ಹಾಕಿ ತೆಗೆದ ಆಕೃತಿಗಳು ಅವು. ಮುಳುಗಿದ ದಿನ ಮೂಗು, ರೆಪ್ಪೆ, ಅಂಗಿಯ ಗುಂಡಿ ಎಲ್ಲವೂ ಸ್ಪಷ್ಟವಿರುತ್ತವೆ. ಕೆಲವೇ ವಾರಗಳಲ್ಲಿ ತೆಳು ಪಾಚಿ ಕೂರುತ್ತದೆ. ಆಮೇಲೆ ಸ್ಪಂಜುಗಳು ಕೆನ್ನೆಯ ಮೇಲೆ ಕೆಂಪು ಕಿತ್ತಳೆ ಬಣ್ಣ ಬಳಿಯುತ್ತವೆ, ಕಿವಿಯ ಹಿಂದೆ ಏಡಿ ಸೇರಿಕೊಳ್ಳುತ್ತದೆ, ವರ್ಷಗಳಲ್ಲಿ ಹವಳದ ಮೊಳಕೆ ಹೆಗಲ ಮೇಲೆ ಏಳುತ್ತದೆ, ಮುಖ ಯಾರದೆಂಬುದು ಅಳಿಸಿಹೋಗುತ್ತದೆ. ಶಿಲ್ಪ ಹಾಳಾದಷ್ಟೂ ಅದು ಗೆದ್ದ ಹಾಗೆ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 8 ಸಿಮೆಂಟ್ ತಯಾರಿಕೆಯಿಂದ ಬರುತ್ತದೆ. ಶಿಲ್ಪ ನೋಡಲು ಬರುವವರು ವಿಮಾನದಲ್ಲಿ ಬರುತ್ತಾರೆ. 2018ರಿಂದ ಮೆಕ್ಸಿಕೋದ ಕೆರಿಬಿಯನ್ ಕರಾವಳಿಯ ಹವಳಗಳನ್ನು ಕೊಳೆಸುತ್ತಿರುವ ಅಂಗಾಂಶ ರೋಗಕ್ಕೆ ಶಿಲ್ಪೋದ್ಯಾನ ಅಡ್ಡಗೋಡೆಯಾಗಲಿಲ್ಲ. ಐನೂರು ಶಿಲ್ಪಗಳು ಒಂದು ಕೊಲ್ಲಿಯ ಜನದಟ್ಟಣೆಯನ್ನು ಹಗುರ ಮಾಡಬಲ್ಲವು, ಸಮುದ್ರದ ಬಿಸಿಯನ್ನಲ್ಲ. ನಿಜವಾದ ದಿಬ್ಬಕ್ಕೆ ಬದಲಿ ಸಿಕ್ಕಿತು ಎಂಬ ಭ್ರಮೆ ಹುಟ್ಟಿಸಿದರಂತೂ ಇಂಥ ಕಲೆ ಹಾನಿಯನ್ನೇ ಮಾಡುತ್ತದೆ.

ಅಮೆರಿಕದ ಕೋರ್ಟ್ನಿ ಮ್ಯಾಟಿಸನ್ ಅವರ ಪಿಂಗಾಣಿಯ ಗೋಡೆಶಿಲ್ಪಗಳನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 2011ರಿಂದ ಅವರು ಮಾಡುತ್ತಿರುವ ಸರಣಿಯಲ್ಲಿ ನೂರಾರು ಮಣ್ಣಿನ ಹವಳಗಳು ಸುಳಿಯಾಗಿ ಜೋಡಣೆಗೊಂಡು, ಬಣ್ಣದಿಂದ ಬಿಳುಪಿಗೆ, ಬಿಳುಪಿನಿಂದ ಬಣ್ಣಕ್ಕೆ ತಿರುಗುತ್ತವೆ. ಹವಳದ ಗೂಡಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಪಿಂಗಾಣಿಯ ಮೆರುಗಿನಲ್ಲೂ ಇದೆ ಎಂಬ ನಂಟು ಸೊಗಸಾಗಿದೆ. ಮುಟ್ಟಿದರೆ ಮುರಿಯುವ ಗುಣವೂ ಎರಡಕ್ಕೂ ಸಮಾನ. ಆದರೂ ಗೋಡೆಯ ಮೇಲಿನ ಆ ಬಿಳುಪು, ಮೊದಲು ಹೇಳಿದ ಶೋಕೇಸಿನ ಬೆಡಗಿನಿಂದ ಪೂರ್ತಿ ಬಿಡಿಸಿಕೊಂಡಿಲ್ಲ.

ಆ ಬೆಡಗಿನ ತೊಡಕನ್ನು ನೇರವಾಗಿ ಎದುರಿಸಿದ್ದು ಜೆಫ್ ಓರ್ಲೌಸ್ಕಿ ನಿರ್ದೇಶಿಸಿದ 2017ರ ಸಾಕ್ಷ್ಯಚಿತ್ರ ‘ಚೇಸಿಂಗ್ ಕೋರಲ್’. ಜಾಹೀರಾತಿನ ಕೆಲಸ ಬಿಟ್ಟು ಬಂದ ರಿಚರ್ಡ್ ವೀವರ್ಸ್, ಅಮೆರಿಕನ್ ಸಮೋವಾದ ಒಂದೇ ದಿಬ್ಬವನ್ನು ತಿಂಗಳುಗಳ ಅಂತರದಲ್ಲಿ ಸೆರೆಹಿಡಿದ ಫೋಟೊಗಳು ಆಗಲೇ ಪತ್ರಿಕೆಗಳಲ್ಲಿ ಹರಡಿದ್ದವು: 2014ರ ಡಿಸೆಂಬರಿನಲ್ಲಿ ಕಂದು, 2015ರ ಫೆಬ್ರವರಿಯಲ್ಲಿ ಹಿಮದಂತೆ ಬಿಳಿ, ಆಗಸ್ಟ್ ಹೊತ್ತಿಗೆ ಪಾಚಿ ಹಿಡಿದು ಸತ್ತದ್ದು. ಚಿತ್ರತಂಡ ಇದನ್ನೇ ನಿರಂತರವಾಗಿ ಹಿಡಿಯಲು ನೀರಡಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇರಿಸಿತು. ಅವುಗಳ ಫೋಕಸ್ ಕೆಟ್ಟುಹೋಯಿತು. ಕೊನೆಗೆ 2016ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದಲ್ಲಿ ಮುಳುಗುಗಾರರು ದಿನವೂ ಇಳಿದು, ಅವೇ ಗುರುತಿನ ಜಾಗಗಳಲ್ಲಿ ನಿಂತು ಕೈಯಿಂದಲೇ ಚಿತ್ರ ತೆಗೆದರು. ಯಂತ್ರ ಕೈಕೊಟ್ಟದ್ದು ಚಿತ್ರಕ್ಕೆ ಒಳ್ಳೆಯದೇ ಆಯಿತು. ತಾನು ಅಕ್ಕರೆಯಿಂದ ನೋಡುತ್ತಿದ್ದ ಹವಳ ದಿನದಿನಕ್ಕೆ ಕರಗುವುದನ್ನು ಕಂಡ, ಆ ಮುಳುಗುಗಾರರಲ್ಲೊಬ್ಬನಾದ ಯುವಕನ ಮುಖವೇ ಅದರ ತಿರುಳಾಯಿತು. ನ್ಯೂ ಕ್ಯಾಲೆಡೋನಿಯಾದಲ್ಲಿ ಸಾಯುವ ಮುನ್ನ ಹವಳಗಳು ಹೊಳೆಯುವ ನೀಲಿ, ಹಳದಿ, ನೇರಳೆಗೆ ತಿರುಗುವ ದೃಶ್ಯವೂ ಇದೆ. ಬಿಸಿಲಿನಿಂದ ಕಾಪಾಡಿಕೊಳ್ಳಲು ಪ್ರಾಣಿ ತಯಾರಿಸಿಕೊಳ್ಳುವ ವರ್ಣದ್ರವ್ಯ ಅದು. ಚಿತ್ರ ಅದನ್ನು ಚೆಂದವಾಗಿಯೇ ತೋರಿಸಿ, ಬಳಿಕ ಅದರ ಅರ್ಥ ಬಿಡಿಸಿ ಹೇಳುತ್ತದೆ. ‘ಮೊದಲು-ಆಮೇಲೆ’ ಫೋಟೊ ಜೋಡಿಗಳು ಮಾಡಲಾಗದ ಕೆಲಸವನ್ನು ಆ ನಿಧಾನದ ವಿವರಣೆ ಮಾಡಿತು.

ಕರ್ನಾಟಕದ ಕಡಲಿಗೂ ಹವಳ ಅಪರಿಚಿತವಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತಲ ಬಂಡೆಗಳ ಮೇಲೆ ಜೀವಂತ ಹವಳಗಳಿವೆ. ಸ್ಕೂಬಾ ಕಲಿಯಲು ಬೆಂಗಳೂರಿನಿಂದ ಬರುವವರು ಅದನ್ನು ಕಾಣುತ್ತಾರೆ. ಭಾರತದಲ್ಲಿ ಹವಳದ ಕಥೆಗೆ ಇನ್ನೊಂದು ಮುಖವೂ ಇತ್ತು: ಮನ್ನಾರ್ ಕೊಲ್ಲಿಯಲ್ಲಿ ಕಟ್ಟಡಕ್ಕೂ ಸುಣ್ಣಕ್ಕೂ ಹವಳವನ್ನು ಅಗೆದು ಸಾಗಿಸುತ್ತಿದ್ದರು. 2001ರಲ್ಲಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ಸೇರಿಸಿದ ಮೇಲೆ ಹುಲಿಗಿರುವ ರಕ್ಷಣೆಯೇ ಅವಕ್ಕೂ ಸಿಕ್ಕಿತು.

ಸುಣ್ಣದ ಇದೇ ಆಸೆ ಕ್ವೀನ್ಸ್‌ಲ್ಯಾಂಡಿನಲ್ಲಿ ಕಲೆ ಮತ್ತು ಹವಳದ ಅತ್ಯಂತ ಫಲ ಕೊಟ್ಟ ಪ್ರಕರಣಕ್ಕೆ ಕಾರಣವಾಯಿತು. 1967ರಲ್ಲಿ ಕಬ್ಬು ಬೆಳೆಗಾರನೊಬ್ಬ ಗ್ರೇಟ್ ಬ್ಯಾರಿಯರ್ ರೀಫ್‌ನ ಎಲಿಸನ್ ರೀಫ್ ಎಂಬ ಭಾಗ ಹೇಗೂ ಸತ್ತಿದೆ, ಹೊಲಕ್ಕೆ ಹಾಕಲು ಅದರ ಸುಣ್ಣ ತೆಗೆಯುತ್ತೇನೆ ಎಂದು ಗಣಿ ಅರ್ಜಿ ಹಾಕಿದ. ಬಿಂಗಿಲ್ ಕೊಲ್ಲಿಯ ದಂಡೆಯಲ್ಲಿ ವಾಸವಾಗಿದ್ದ ಚಿತ್ರಕಲಾವಿದ ಜಾನ್ ಬಸ್ಟ್ ಪತ್ರಿಕೆಯಲ್ಲಿ ಅದನ್ನು ಕಂಡು ತಕರಾರು ಅರ್ಜಿ ಸಲ್ಲಿಸಿದರು. ಕವಯಿತ್ರಿ ಜೂಡಿತ್ ರೈಟ್ ಮತ್ತು ಸಸ್ಯಪರಿಸರ ವಿಜ್ಞಾನಿ ಲೆನ್ ವೆಬ್ ಜೊತೆಗೂಡಿದರು. ಈ ಕಲಾವಿದ ದಿಬ್ಬದ ಚಿತ್ರ ಬರೆದು ಹೋರಾಡಲಿಲ್ಲ, ಕವಯಿತ್ರಿ ಕವಿತೆ ಓದಿ ವಾದಿಸಲಿಲ್ಲ ಎಂಬುದನ್ನು ಗಮನಿಸಬೇಕು. ಯುವ ಮುಳುಗುಗಾರರು ಎಲಿಸನ್‌ಗೆ ಇಳಿದು ಅಲ್ಲಿ ಇನ್ನೂ ಬದುಕಿರುವ ಜೀವಿಗಳನ್ನು ಪಟ್ಟಿ ಮಾಡಿದರು. ಇನಿಸ್‌ಫೇಲ್ ಊರಿನ ಗಣಿ ನ್ಯಾಯಾಲಯದಲ್ಲಿ ಆ ಪಟ್ಟಿಯೇ ಸಾಕ್ಷ್ಯವಾಯಿತು. ಅರ್ಜಿ ತಿರಸ್ಕೃತವಾಯಿತು. ತೈಲ ಬಾವಿಗಳ ವಿರುದ್ಧದ ಹೋರಾಟ ಅದನ್ನು ಹಿಂಬಾಲಿಸಿತು. 1971ರಲ್ಲಿ ಬಸ್ಟ್ ತೀರಿಕೊಂಡರು, 1975ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಕಡಲ ಉದ್ಯಾನದ ಕಾಯ್ದೆ ಬಂತು, 1977ರಲ್ಲಿ ರೈಟ್ ಈ ಹೋರಾಟದ ಕಥೆಯನ್ನು ಗದ್ಯದಲ್ಲಿ ಬರೆದು ಪ್ರಕಟಿಸಿದರು, 1981ರಲ್ಲಿ ದಿಬ್ಬ ವಿಶ್ವಪರಂಪರೆಯ ಪಟ್ಟಿ ಸೇರಿತು.

ಅಂದಿನ ಎದುರಾಳಿಗೆ ಹೆಸರಿತ್ತು, ಅರ್ಜಿ ಸಂಖ್ಯೆಯಿತ್ತು. ಬಿಸಿಯಾಗುತ್ತಿರುವ ನೀರಿನ ವಿರುದ್ಧ ತಕರಾರು ಸಲ್ಲಿಸಲು ಇನಿಸ್‌ಫೇಲಿನಂಥ ನ್ಯಾಯಾಲಯವಿಲ್ಲ. 2016ರ ಮಾರ್ಚ್‌ನಿಂದ ನವೆಂಬರ್‌ವರೆಗಿನ ಒಂಬತ್ತು ತಿಂಗಳಲ್ಲಿ, ಕಾಯ್ದೆಯ ಪೂರ್ಣ ರಕ್ಷಣೆ ಇದ್ದೂ, ಗ್ರೇಟ್ ಬ್ಯಾರಿಯರ್ ರೀಫ್‌ನ ಆಳವಿಲ್ಲದ ನೀರಿನ ಹವಳಗಳಲ್ಲಿ ಸುಮಾರು ಶೇ. 30 ಸತ್ತವು.

ಅದೇ ಕ್ವೀನ್ಸ್‌ಲ್ಯಾಂಡಿನ ಟೌನ್ಸ್‌ವಿಲ್ ನಗರದ ಕಡಲತೀರದಲ್ಲಿ, 2019ರ ಕೊನೆಯಲ್ಲಿ ಟೇಲರ್ ‘ಓಷನ್ ಸೈರನ್’ ಎಂಬ ಪ್ರತಿಮೆ ನಿಲ್ಲಿಸಿದರು. ಇದು ಮುಳುಗಿದ್ದಲ್ಲ, ಅಲೆಗಳ ಮೇಲೆ ನಾಲ್ಕು ಮೀಟರಿಗೂ ಎತ್ತರಕ್ಕೆ ನಿಂತ, ಶಂಖವನ್ನು ಎತ್ತಿ ಹಿಡಿದ ಹುಡುಗಿ. ಆ ನೆಲದ ಮೂಲನಿವಾಸಿಗಳಾದ ವುಲ್ಗುರುಕಬಾ ಜನರ ಬಾಲಕಿಯೊಬ್ಬಳು ಅದಕ್ಕೆ ರೂಪದರ್ಶಿ. ಅದರ ಮೈಯೊಳಗಿನ ದೀಪಗಳಿಗೆ ದೂರದ ಡೇವೀಸ್ ರೀಫ್‌ನಲ್ಲಿರುವ ಹವಾಮಾನ ಕೇಂದ್ರದಿಂದ ನೀರಿನ ಉಷ್ಣತೆಯ ಮಾಹಿತಿ ಬರುತ್ತಿರುವಂತೆ ಏರ್ಪಾಟಾಗಿದೆ. ಅಲ್ಲಿ ನೀರು ತಂಪಾಗಿದ್ದ ರಾತ್ರಿ ಹುಡುಗಿ ಗಾಢ ನೀಲಿ. ನೀರು ಬಿಸಿಯಾದಂತೆ ಬಣ್ಣ ಮೇಲೇರಿ ಕಡುಗೆಂಪಿಗೆ ತಿರುಗುತ್ತದೆ.